ಮಿಂಚಂಚೆಯ ಜರಡಿ

ಓದುಗರು ತಾವಾಗಿಯೇ ಕೇಳಿ ತರಿಸಿಕೊಳ್ಳುವ ಇಮೇಲ್ ನ್ಯೂಸ್‌ಲೆಟರ್‌ಗಳೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವುದರ ಮೂಲ 1982ರಲ್ಲಿದೆ. ಆ ವರ್ಷ ಜಾನ್ ಪೋಸ್ಟೆಲ್ ಬರೆದ, ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಕಳಿಸುವವರು ಯಾರೆಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ ಯಾರ ಹೆಸರು ಬರೆದರೂ ಅಂಚೆಯವರು ಕೇಳುತ್ತಿರಲಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರ ಬಳಗಕ್ಕೆ ಅಷ್ಟು ಸಾಕಿತ್ತು. ಆದರೆ ಅಂಥ ಬಳಗದಲ್ಲೂ 1978ರಷ್ಟು ಹಿಂದೆಯೇ ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಸುಮಾರು 400 ಮಂದಿಗೆ ಒಂದೇ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ.

ಜಾಲ ಜನಸಾಮಾನ್ಯರ ಕೈಗೆ ಬಂದ ಮೇಲೆ ಆ ನಂಬಿಕೆ ಉಳಿಯಲಿಲ್ಲ. 1997ರಲ್ಲಿ ಪಾಲ್ ವಿಕ್ಸಿ ಮತ್ತು ಸಂಗಡಿಗರು ಸ್ಪ್ಯಾಮ್ ಹೊರಡಿಸುವ ಸರ್ವರ್‌ಗಳ ಕಪ್ಪುಪಟ್ಟಿ ಮಾಡಿದರು. ಅದು ಒರಟು ಮದ್ದು. ಒಂದೇ ಸರ್ವರ್ ಹಂಚಿಕೊಂಡಿದ್ದ ನಿರಪರಾಧಿಗಳ ಪತ್ರಗಳೂ ತಡೆಗೆ ಸಿಕ್ಕವು.

ಜರಡಿ ನಿಜಕ್ಕೂ ಸೂಕ್ಷ್ಮವಾದದ್ದು 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಬರೆದ ಲೇಖನದ ನಂತರ. ಪ್ರತಿಯೊಂದು ಪದ ಸ್ಪ್ಯಾಮ್‌ನಲ್ಲಿ ಎಷ್ಟು ಸಲ, ಒಳ್ಳೆಯ ಪತ್ರದಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಥಾಮಸ್ ಬೇಯ್ಸ್‌ನ ಸಂಭವನೀಯತೆಯ ಸೂತ್ರದಿಂದ ತೀರ್ಮಾನಿಸುವುದು ಅವರ ವಿಧಾನ. ಅಕ್ಷರಗಳಿಗೆ ಕಡುಗೆಂಪು ಬಳಿಯುವ ಸಂಕೇತವೊಂದು ಅಶ್ಲೀಲ ಪದಗಳಷ್ಟೇ ಬಲವಾದ ಸುಳಿವೆಂದು ಅವರಿಗೆ ಆ ಎಣಿಕೆಯಲ್ಲೇ ಗೊತ್ತಾಯಿತು. ಇದರಿಂದ ನ್ಯೂಸ್‌ಲೆಟರ್ ಸಂಪಾದಕರಿಗೆ ಪದಭಯ ಹಿಡಿಯಿತು: ‘ಉಚಿತ’ ಎನ್ನಬಾರದು, ಆಶ್ಚರ್ಯಸೂಚಕ ಹಾಕಬಾರದು. ಒಬ್ಬೊಬ್ಬರ ಅಂಚೆಯಿಂದ ಒಂದೊಂದು ಪಾಠ ಕಲಿಯುವ ಜರಡಿಗೆ ಇಂಥ ನಿಷೇಧಪಟ್ಟಿ ಮೂಢನಂಬಿಕೆಗಿಂತ ಹೆಚ್ಚಿನದೇನಲ್ಲ. ಸ್ಪ್ಯಾಮ್‌ನವರಾದರೋ ಕಾಗುಣಿತ ಕೆಡಿಸಿ ನುಸುಳುವುದನ್ನು ಕಲಿತರು.

ಕಡೆಗೆ ಪದಗಳಿಗಿಂತ ಕಳಿಸುವವರ ಗುರುತೇ ಮುಖ್ಯವಾಯಿತು. ಒಂದು ಡೊಮೇನ್‌ನ ಪರವಾಗಿ ಯಾವ ಸರ್ವರ್ ಪತ್ರ ಕಳಿಸಬಹುದೆಂದು ಸಾರುವ ಎಸ್‌ಪಿಎಫ್ 2006ರಲ್ಲಿ, ಪತ್ರಕ್ಕೆ ಡಿಜಿಟಲ್ ಮೊಹರು ಒತ್ತುವ ಡಿಕಿಮ್ 2007ರಲ್ಲಿ ದಾಖಲಾದವು. ಇವೆರಡರಲ್ಲೂ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ 2012ರಲ್ಲಿ ಪ್ರಕಟವಾಯಿತು. ಮೂವತ್ತು ವರ್ಷ ತಡವಾಗಿಯಾದರೂ ಪೋಸ್ಟೆಲ್ ಕಾಲದ ಕೊರತೆ ಹೀಗೆ ತುಂಬಿತು.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಪತ್ರ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದವು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000 ಪತ್ರ ದಾಟಿದವರು ಈ ಲೆಕ್ಕಕ್ಕೆ ಬರುತ್ತಾರೆ. ಚಂದಾ ಬೇಡವೆನ್ನುವವರಿಗೆ ಒಂದೇ ಕ್ಲಿಕ್ಕಿನಲ್ಲಿ ಬಿಡುಗಡೆ ಕೊಡಬೇಕು. ಮೊಹರು ಸರಿಯಿದ್ದರೂ ಕೊನೆಯ ಮಾತು ಓದುಗರದೇ: ಸ್ಪ್ಯಾಮ್ ಎಂಬ ದೂರು ಶೇಕಡಾ 0.3, ಅಂದರೆ ಸಾವಿರಕ್ಕೆ ಮೂರು, ಮುಟ್ಟಬಾರದು.