ಮಿನಿ ಟ್ರ್ಯಾಕ್ಟರ್‌ಗೆ ಬ್ಯಾಕ್‌ಹೋ: ಕೊಳ್ಳುವ ಮುಂಚೆ ಇಷ್ಟು ನೋಡ್ಕೊಳ್ಳಿ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿ ತೋಟದೊಳಗೆ ದೊಡ್ಡ ಜೆಸಿಬಿ ನುಗ್ಗಲ್ಲ. ಪೈಪ್‌ಲೈನ್ ಕಾಲುವೆ, ಗಿಡದ ಗುಂಡಿ ತೆಗೆಯೋಕೆ ಮಿನಿ ಟ್ರ್ಯಾಕ್ಟರ್ ಹಿಂದೆ ಕೂರಿಸುವ ಬ್ಯಾಕ್‌ಹೋ ಸಾಕು. ಆದರೆ ಕಡಿಮೆ ರೇಟಿಗೆ ಸಿಕ್ತು ಅಂತ ಯಾವುದೋ ಒಂದನ್ನು ತಂದರೆ ಟ್ರ್ಯಾಕ್ಟರೇ ಹಾಳಾಗಬಹುದು.

ಜೋಡಣೆ: ಬರೀ ತ್ರೀ ಪಾಯಿಂಟ್ ಲಿಂಕೇಜ್‌ಗೆ ಸಿಕ್ಕಿಸುವುದಕ್ಕಿಂತ ಸಬ್‌ಫ್ರೇಮ್ ಇರುವುದು ಒಳ್ಳೆಯದು. ಅಗೆಯುವ ಒತ್ತಡವೆಲ್ಲ ಹಿಂದಿನ ಹೌಸಿಂಗ್ ಮೇಲೆ ಬಿದ್ದರೆ ಅದು ಬಿರುಕು ಬಿಡುವ ಭಯ.

ತೂಕ, ಆಯಿಲ್: ಟ್ರ್ಯಾಕ್ಟರ್ ಎಷ್ಟು ತೂಕ ತಡೆಯುತ್ತೆ, ಪಂಪ್ ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಕೊಡುತ್ತೆ, ಎರಡನ್ನೂ ತಾಳೆ ನೋಡಿ. ಮುಂದೆ ತೂಕ ಕಟ್ಟದಿದ್ದರೆ ಮುಂಚಕ್ರ ಏಳುತ್ತೆ, ಸ್ಟೇರಿಂಗ್ ಹಿಡಿತಕ್ಕೆ ಸಿಗಲ್ಲ.

ಕೆಲಸದಲ್ಲಿ: ಎರಡೂ ಕಾಲು ಗಟ್ಟಿ ನೆಲಕ್ಕೆ ಊರಿ, ಮಟ್ಟ ಮಾಡಿಯೇ ಶುರು ಮಾಡಿ. ಬದುವಿನ ಅಂಚು ಬೇಡ. ಮೇಲೆ ಕರೆಂಟ್ ತಂತಿ ನೋಡಿ. ತೋಳು ತಿರುಗುವ ಜಾಗದಲ್ಲಿ ಯಾರೂ ನಿಲ್ಲಬಾರದು. ಆಳದ ಕಾಲುವೆಗೆ ಆಸರೆ ಇಲ್ಲದೆ ಆಳು ಇಳಿಸಬೇಡಿ, ಮಣ್ಣು ಕುಸಿದರೆ ಜೀವ ಹೋಗುತ್ತೆ.

ರಸ್ತೆ ಬದಿ: ಕೇಬಲ್, ಗ್ಯಾಸ್ ಪೈಪ್ ಇರಬಹುದು. ಅಗೆಯುವ ಮುಂಚೆ, ಕೇಂದ್ರ ಸರ್ಕಾರ 2023ರಲ್ಲಿ ತಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ತಿಳಿಸಿ.

ಕೆಲಸ ಮುಗಿದ ಮೇಲೆ ಬಕೆಟ್ ನೆಲಕ್ಕಿಳಿಸಿ, ಇಂಜಿನ್ ಆಫ್ ಮಾಡಿಯೇ ಇಳಿಯಿರಿ.