ಲಂಡನ್ ಹೊರವಲಯದ ಮೆಥಡಿಸ್ಟ್ ಸಭೆ

ಲಂಡನ್ನಿನ ಹಳೆಯ ಕೋಟೆಗೋಡೆಯ ಹೊರಗೆ ಮೂರ್‌ಫೀಲ್ಡ್ಸ್ ಎಂಬ ಬಯಲಿತ್ತು. ಆಂಗ್ಲ ಚರ್ಚಿನ ಪಾದ್ರಿಗಳಾದ ಜಾನ್ ವೆಸ್ಲಿಯವರಿಗೆ ಅನೇಕ ಚರ್ಚುಗಳಲ್ಲಿ ಬೋಧನೆಗೆ ಅವಕಾಶ ದೊರೆಯದಿರಲು, 1739ರಲ್ಲಿ ಅವರು ಅಲ್ಲಿಯೇ ನಿಂತು ಜನರಿಗೆ ಬೋಧಿಸಿದರು. ಸಮೀಪದಲ್ಲಿ ಪಾಳುಬಿದ್ದಿದ್ದ ಫಿರಂಗಿ ಎರಕದ ಕಾರ್ಖಾನೆಯೊಂದು ಅದೇ ವರ್ಷ ಮೆಥಡಿಸ್ಟರ ಪ್ರಾರ್ಥನಾಮಂದಿರವಾಯಿತು. ಮುಂದೆ ಅಲ್ಲಿಯೇ ಬಡಮಕ್ಕಳ ಶಾಲೆಯೂ, 1746ರಲ್ಲಿ ಔಷಧಾಲಯವೂ ಏರ್ಪಟ್ಟುವು.

ಈ ಸಭೆಯನ್ನು ಬೆಸೆದ ಏರ್ಪಾಡು ಹುಟ್ಟಿದುದು ಸಾಲದಿಂದ. ಬ್ರಿಸ್ಟಲ್ ನಗರದ ಮಂದಿರದ ಸಾಲವನ್ನು ತೀರಿಸಲೆಂದು 1742ರಲ್ಲಿ ಅಲ್ಲಿಯ ಸದಸ್ಯರನ್ನು ಹನ್ನೆರಡು ಮಂದಿಯ ತಂಡಗಳಾಗಿ ವಿಂಗಡಿಸಿ, ತಲೆಗೆ ವಾರಕ್ಕೊಂದು ಪೆನ್ನಿಯಂತೆ ಕೂಡಿಸಲು ಪ್ರತಿ ತಂಡಕ್ಕೂ ಒಬ್ಬ ನಾಯಕನನ್ನು ನೇಮಿಸಿದರು. ಕೊಡಲಾರದವರ ಪಾಲನ್ನು ನಾಯಕನೇ ತುಂಬಬೇಕು. ಕಾಸಿಗಾಗಿ ಮನೆಮನೆಗೆ ಹೋದವನು ಅಲ್ಲಿಯ ರೋಗವನ್ನೂ ಹಸಿವನ್ನೂ ನಡತೆಯನ್ನೂ ಕಣ್ಣಾರೆ ಕಂಡನು. ವಸೂಲಿಯ ಕೆಲಸವು ಯೋಗಕ್ಷೇಮ ವಿಚಾರಿಸುವ ಸೇವೆಯಾಗಿ ಮಾರ್ಪಟ್ಟಿತು. ಇದರ ಬೆಲೆಯನ್ನರಿತ ವೆಸ್ಲಿಯವರು ಅದೇ ವರ್ಷ ಲಂಡನ್ನಿನಲ್ಲಿಯೂ ಈ ಪದ್ಧತಿಯನ್ನು ಜಾರಿಗೆ ತಂದರು.

ಹಳೆಯ ಕಟ್ಟಡಕ್ಕೆ ಬದಲಾಗಿ ಸಿಟಿ ರಸ್ತೆಯಲ್ಲಿ ಹೊಸ ಮಂದಿರಕ್ಕೆ 1777ರ ಏಪ್ರಿಲ್ 21ರಂದು ಅಸ್ತಿಭಾರವನ್ನಿಟ್ಟು, 1778ರ ನವೆಂಬರ್ 1ರಂದು ಬಾಗಿಲು ತೆರೆದರು. ಅದರ ಪಕ್ಕದ ಮನೆಯಲ್ಲಿಯೇ ವೆಸ್ಲಿಯವರು 1791ರ ಮಾರ್ಚ್ 2ರಂದು ತೀರಿಕೊಂಡರು. ಮಂದಿರದ ಹಿಂಭಾಗದಲ್ಲಿ ಅವರ ಸಮಾಧಿಯಿದೆ.

ಕನ್ನಡನಾಡಿನಲ್ಲಿ ಶಾಲೆಗಳನ್ನು ತೆರೆದು, ಮೈಸೂರಿನಲ್ಲಿ ಕನ್ನಡ ಮುದ್ರಣಾಲಯವನ್ನು ನಡೆಸಿದ ವೆಸ್ಲಿಯನ್ ಮಿಷನ್ ಇದೇ ಪರಂಪರೆಯದು. ಶಾಲೆಗೆ ಬಾರದ ಮಗುವನ್ನು ಅರಸಿ ಅದರ ಮನೆಯ ಹೊಸಿಲವರೆಗೆ ನಡೆದ ಉಪಾಧ್ಯಾಯರಿಗೆ ಆ ತಂಡನಾಯಕರ ಕೆಲಸ ಅಪರಿಚಿತವೆನಿಸದು.