ನೇತ್ರಾವತಿ, ಫಲ್ಗುಣಿ: ಮಳೆಯ ರೀತಿ ಬದಲಾದಾಗ ನದಿಪಾತ್ರ

2019ರ ಮೇ ತಿಂಗಳಿನಲ್ಲಿ ನೇತ್ರಾವತಿಯ ಹರಿವು ತೀರಾ ಕ್ಷೀಣಿಸಿದ್ದರಿಂದ, ಯಾತ್ರೆಯನ್ನು ಕೆಲಕಾಲ ಮುಂದೂಡುವಂತೆ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಭಕ್ತರಲ್ಲಿ ವಿನಂತಿಸಿದ್ದರು. ಮೂರು ತಿಂಗಳು ತುಂಬುವ ಮೊದಲೇ, ಆಗಸ್ಟ್ ಎರಡನೇ ವಾರದಲ್ಲಿ, ಅದೇ ನದಿ ಅಪಾಯದ ಮಟ್ಟ ಮೀರಿ ಬಂಟ್ವಾಳ ಪೇಟೆಗೆ ನುಗ್ಗಿತು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಕಾಣುವ ದಕ್ಷಿಣ ಕನ್ನಡದಲ್ಲಿ ಕೊರತೆ ಮಳೆಯದ್ದಲ್ಲ. ಬದಲಾಗುತ್ತಿರುವುದು ಅದು ಸುರಿಯುವ ರೀತಿ.

ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿ ಬೆಳ್ತಂಗಡಿ ತಾಲೂಕಿನ ಮೂಲಕ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಬರುತ್ತದೆ. ವೇಣೂರಿನ ಬದಿಯಿಂದ ಹರಿದು ಮೂಡುಬಿದಿರೆಯ ದಕ್ಷಿಣಕ್ಕೆ ಸಾಗುವ ಫಲ್ಗುಣಿಯೇ ಮುಂದೆ ಗುರುಪುರ ನದಿ. ಎರಡಕ್ಕೂ ಮಂಗಳೂರಿನಲ್ಲಿ ಒಂದೇ ಅಳಿವೆ.

ಬಂಟ್ವಾಳಕ್ಕೆ ನೆರೆ ಹೊಸತಲ್ಲ. 1923 ಮತ್ತು 1974ರ ನೆರೆಗಳನ್ನು ಊರು ಇನ್ನೂ ಮರೆತಿಲ್ಲ. ಆದ್ದರಿಂದ ಪ್ರತಿಯೊಂದು ನೆರೆಯನ್ನೂ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯುವುದು ಸರಿಯಾಗದು. ಆದರೆ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಶೇ. 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಡಬಲ್ಲದು. ಅರಬ್ಬೀ ಸಮುದ್ರವೂ ಬಿಸಿಯಾಗುತ್ತಿದೆ. ಹೀಗಾಗಿ ವಾರವಿಡೀ ಹನಿಯಬೇಕಾದ ಮಳೆ ಒಂದೆರಡು ದಿನಗಳಲ್ಲೇ ಸುರಿದುಬಿಡುವ ಸಂಭವ ಹೆಚ್ಚುತ್ತದೆ. 24 ಗಂಟೆಗಳಲ್ಲಿ 204.4 ಮಿ.ಮೀ. ಮೀರಿದ್ದನ್ನು ಹವಾಮಾನ ಇಲಾಖೆ ಅತ್ಯಂತ ಭಾರೀ ಮಳೆ ಎನ್ನುತ್ತದೆ. ಅಂತಹ ಮಳೆ ಘಟ್ಟದ ಕಡಿದಾದ ಇಳಿಜಾರಿಗೆ ಬಿದ್ದಾಗ ನೀರು ಇಂಗುವುದಿಲ್ಲ, ಮಣ್ಣನ್ನೇ ಹೊತ್ತು ಇಳಿಯುತ್ತದೆ. 2019ರಲ್ಲಿ ಚಾರ್ಮಾಡಿ ಭಾಗದಲ್ಲಿ ಗುಡ್ಡಗಳು ಕುಸಿದು ಬಂಡೆ, ಮರದ ದಿಮ್ಮಿ, ಮರಳು ಹಳ್ಳಗಳಿಗೆ ಬಿದ್ದವು. ಪಾತ್ರ ತುಂಬಿದೊಡನೆ ನೀರು ಬದಿಯ ಅಡಿಕೆ ತೋಟಗಳಲ್ಲಿ ದಾರಿ ಮಾಡಿಕೊಂಡಿತು.

ಇಂಗದ ನೀರಿನ ಪರಿಣಾಮ ಬೇಸಿಗೆಯಲ್ಲಿ ತಿಳಿಯುತ್ತದೆ. ಮುರಕಲ್ಲಿನ ಗುಡ್ಡಗಳು ಒಳಗೆ ಹಿಡಿದಿಟ್ಟ ನೀರನ್ನು ಒರತೆಗಳ ಮೂಲಕ ಬಿಟ್ಟುಕೊಡುವುದರಿಂದಲೇ ಹೊಳೆ ಮಾರ್ಚ್, ಏಪ್ರಿಲ್‌ವರೆಗೂ ಹರಿಯುತ್ತದೆ. ಕೃಷಿಕರು ಹಿಂದಿನಿಂದಲೂ ಹಾಕುತ್ತಿದ್ದ ಮಣ್ಣು, ಕಲ್ಲಿನ ಕಟ್ಟಗಳೂ, ಮೂಡುಬಿದಿರೆಯ ಹದಿನೆಂಟು ಕೆರೆಗಳೂ ಇದನ್ನರಿತೇ ಮೂಡಿದಂತೆ ತೋರುತ್ತದೆ. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟು ಬಂಟ್ವಾಳ ತಾಲೂಕಿನಲ್ಲೇ ಇದೆ. ಒರತೆ ಬೇಗ ಬತ್ತಿದ ವರ್ಷ ನಗರದ ನಳ್ಳಿಯೂ ಸೊರಗುತ್ತದೆ.

ನದಿಪಾತ್ರದ ಎಲ್ಲ ಬದಲಾವಣೆಗೂ ಮಳೆಯೊಂದೇ ಹೊಣೆಯಲ್ಲ. ಮರಳು ತೆಗೆದಂತೆ ತಳ ತಗ್ಗುತ್ತದೆ, ದಡದ ಬಾವಿಗಳ ನೀರು ಇಳಿಯುತ್ತದೆ, ಸೇತುವೆಯ ಕಂಬಗಳ ಬುಡ ಬರಿದಾಗುತ್ತದೆ. 2018ರ ಜೂನ್‌ನಲ್ಲಿ ಫಲ್ಗುಣಿಯ ಮೂಲಾರಪಟ್ನ ಸೇತುವೆ ಕುಸಿದಾಗ ಸ್ಥಳೀಯರು ಬೊಟ್ಟು ಮಾಡಿದ್ದು ಮರಳುಗಾರಿಕೆಯತ್ತ. ಅದರ ಮರುವರ್ಷವೇ ಘಟ್ಟದ ಬುಡದ ಕೃಷಿಕರು ತೋಟದಲ್ಲಿ ತುಂಬಿದ ಮರಳನ್ನು ಹೊರಹಾಕುವುದು ಹೇಗೆಂದು ಚಿಂತಿಸುತ್ತಿದ್ದರು.